ಪೂಜೆಗೆ ಇಟ್ಟ ಹೆಲ್ಮೆಟ್

ನನ್ನ ಕೆಳದುಟಿಯ ಎಡಭಾಗಕ್ಕೆ ಈಗ ಏನೂ ಗೊತ್ತಾಗುವುದಿಲ್ಲ. ಮಜ್ಜಿಗೆ ಕುಡಿದರೆ ಅದು ಗದ್ದದ ಮೇಲಿಂದ ಇಳಿದು ಅಂಗಿ ಒದ್ದೆಯಾದ ಮೇಲೆಯೇ ಸೋರಿದ್ದು ತಿಳಿಯುತ್ತದೆ. ಮದುವೆಯ ಊಟಕ್ಕೆ ಕೂತಾಗ ಎದುರಿನ ಪಂಕ್ತಿಯಲ್ಲಿರುವ ನನ್ನ ಹೆಂಡತಿ ಕಸ್ತೂರಿ ಸೆರಗಿನಿಂದ ತನ್ನ ಗದ್ದ ಒರೆಸಿಕೊಳ್ಳುತ್ತಾಳೆ. ಅವಳ ಗದ್ದಕ್ಕೆ ಏನೂ ಆಗಿರುವುದಿಲ್ಲ, ಅದು ನನಗೆ ಮಾಡಿದ ಸನ್ನೆ. ನಾನು ಕರವಸ್ತ್ರ ತೆಗೆಯುತ್ತೇನೆ. ನರಕ್ಕೆ ಪೆಟ್ಟಾಗಿದೆ, ಸ್ಪರ್ಶ ಮರಳಿ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದಿದ್ದಾರೆ ಡಾಕ್ಟರು.

ದವಡೆ ಮುರಿದುಕೊಂಡು, ಬಾಯಿಗೆ ತಂತಿ ಬಿಗಿಸಿಕೊಂಡು, ಮನೆಯವರೆಲ್ಲ ಊಟಕ್ಕೆ ಕೂತಾಗ ಗೋಡೆಯ ಕಡೆ ಮುಖ ಮಾಡಿ ಮಲಗಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಅವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನೋವು ಹೋಗುತ್ತದೆ. ರೊಟ್ಟಿ ತಿನ್ನುವ ದಿನ ಬಂದೇ ಬರುತ್ತದೆ. ನನ್ನನ್ನು ನೋವಿಗಿಂತ ಹೆಚ್ಚಾಗಿ ಹಣ್ಣು ಮಾಡಿದ್ದು ನಾಚಿಕೆ. ಅದರ ಕಥೆ ಇದು.

ಬನಹಟ್ಟಿಯಲ್ಲಿ ನಮ್ಮದು ಸೀರೆ ನೇಯುವ ಮನೆ. ಮುಂದೆ ನಾವು, ಹಿಂದೆ ಪವರ್‌ಲೂಮು. ಬೆಳಿಗ್ಗೆಯಿಂದ ಸಂಜೆಯವರೆಗೆ ಮಗ್ಗದ ಸದ್ದಿನಲ್ಲಿ ಕೂತು ನಿಂತು ನನ್ನ ಹೊಟ್ಟೆ ಮುಂದೆ ಬಂದಿತ್ತು, ರಕ್ತದಲ್ಲಿ ಸಕ್ಕರೆಯೂ ಏರತೊಡಗಿತ್ತು. ಆಗ ಮುಧೋಳದ ಮಲ್ಲಪ್ಪ ನನಗೆ ಗುಡ್ಡ ಹತ್ತುವ ಸೈಕಲ್ಲಿನ ಹುಚ್ಚು ಹಿಡಿಸಿದ. ಅವನು ಕಬ್ಬು ಬೆಳೆಯುವವನು, ಕಾಲೇಜಿನಿಂದಲೂ ನನ್ನ ಗೆಳೆಯ. ದಪ್ಪ ಟೈರಿನ, ಮುಂದೆ ಸ್ಪ್ರಿಂಗ್ ಇರುವ ಸೈಕಲ್ಲು ಕೊಂಡೆ. ರವಿವಾರ ಬೆಳಿಗ್ಗೆ ನಾವು ನಾಲ್ಕೈದು ಜನ ಸೇರಿ ಜಮಖಂಡಿಯ ಗುಡ್ಡಕ್ಕೋ ಬೀಳಗಿ ಕಡೆಯ ಗುಡ್ಡಕ್ಕೋ ಹೋಗಿ, ದಮ್ಮು ಹತ್ತಿ ಮೇಲೇರಿ, ಕೂಗಾಡುತ್ತ ಕೆಳಗಿಳಿದು, ಮಿರ್ಚಿಭಜಿ ತಿಂದು ಮನೆಗೆ ಬರುತ್ತಿದ್ದೆವು. ಇಳಿಸಿದ ಸಕ್ಕರೆಯನ್ನು ಚಹಾದಲ್ಲಿ ಮತ್ತೆ ತುಂಬಿಕೊಂಡೇ ಬರುತ್ತಿದ್ದೆವು ಅನ್ನಿ.

ಸೈಕಲ್ಲು ಬಂದ ವಾರದಲ್ಲೇ ಕಸ್ತೂರಿ ಪುಣೆಯಲ್ಲಿರುವ ತನ್ನ ತಮ್ಮನಿಗೆ ಹೇಳಿ ಹೆಲ್ಮೆಟ್, ಕೈಗವಸು, ಮೊಳಕಾಲಿಗೆ ಮೊಳಕೈಗೆ ಕಟ್ಟುವ ಗಟ್ಟಿ ಪಟ್ಟಿ ಎಲ್ಲ ತರಿಸಿದಳು. ಹೆಲ್ಮೆಟ್ ಸಾಮಾನ್ಯದ್ದಲ್ಲ. ತಲೆಯ ಜೊತೆಗೆ ಕೆನ್ನೆಯನ್ನೂ ಮುಚ್ಚಿ, ಗದ್ದದ ಮುಂದೆ ಗಟ್ಟಿಯಾಗಿ ಬಾಗಿ ಬರುವಂಥದ್ದು. ಕಲ್ಲುಗುಡ್ಡ ಇಳಿಯುವವರಿಗೆಂದೇ ಮಾಡಿದ್ದು.

"ಇದನ್ನ ಹಾಕ್ಕೊಳ್ಳದ ಹೊಂಟ್ರಿ ಅಂದ್ರ ಎರಡೂ ಗಾಲಿ ಗಾಳಿ ಬಿಡ್ತೀನಿ ನೋಡ್ರಿ," ಎಂದಳು.

ಮೊದಲ ರವಿವಾರ ಅದನ್ನು ಹಾಕಿಕೊಂಡು ಹೊರಟೆ. ಬಸ್‌ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿಯಲ್ಲಿ ಕೂತಿದ್ದ ಹಿರಿಯರೊಬ್ಬರು, "ಏನ್ರಿ ಶಿವಾನಂದಪ್ಪಾ, ಬಯಲಾಟದ ಸೋಂಗ ಹಾಕ್ಕೊಂಡು ಎಲ್ಲಿಗಿ ಹೊಂಟ್ರಿ?" ಎಂದರು. ಅಂಗಡಿಗೆ ಅಂಗಡಿಯೇ ನಕ್ಕಿತು. ಗುಡ್ಡದ ಬುಡದಲ್ಲಿ ಮಲ್ಲಪ್ಪ ನನ್ನನ್ನು ನೋಡಿದವನೇ ಸೈಕಲ್ಲಿನಿಂದ ಇಳಿದು ಹೊಟ್ಟೆ ಹಿಡಿದುಕೊಂಡ. "ಲೇ ಶಿವ್ಯಾ, ಎತ್ತಿಗಿ ಬಾಯಿಕುಕ್ಕಿ ಕಟ್ಟಿದಂಗ ಕಾಣ್ತಿಯಲ್ಲೋ! ಯಾರ ಬೆಳಿಗಿ ಬಾಯಿ ಹಾಕ್ತಿ ಅಂತ ಕಟ್ಟ್ಯಾರ?" ನಾನೂ ನಕ್ಕೆ. ಆದರೆ ಆ ಮಾತು ಒಳಗೆ ಎಲ್ಲೋ ನಟ್ಟಿತು. ಹೆಲ್ಮೆಟ್ಟನ್ನು ಅಲ್ಲೇ ತೆಗೆದು, ಬರಿದಲೆಯಲ್ಲಿ ಗುಡ್ಡ ಹತ್ತಿದೆ.

ಮುಂದಿನ ವಾರದಿಂದ ಒಂದು ಉಪಾಯ ಕಂಡುಕೊಂಡೆ. ಮನೆಯಿಂದ ಹೊರಡುವಾಗ ಹೆಲ್ಮೆಟ್ ತಲೆಯ ಮೇಲೇ ಇರುತ್ತಿತ್ತು. ಊರು ದಾಟಿ ಕಾಲುವೆಯ ಸೇತುವೆ ಬಂದ ಕೂಡಲೇ ತೆಗೆದು ಹ್ಯಾಂಡಲ್ಲಿಗೆ ಸಿಗಿಸುತ್ತಿದ್ದೆ, ಉಳಿದದ್ದನ್ನು ಚೀಲಕ್ಕೆ ತುರುಕುತ್ತಿದ್ದೆ. ಬರುವಾಗ ಅದೇ ಸೇತುವೆಯ ಮೇಲೆ ನಿಂತು ಎಲ್ಲ ಹಾಕಿಕೊಂಡು ಮನೆಗೆ. ನಲವತ್ತು ದಾಟಿದರೂ ನನ್ನ ಕೂದಲು ದಟ್ಟವಾಗಿ ಕಪ್ಪಗಿತ್ತು, ಗಾಳಿಗೆ ಹಾರುತ್ತಿದ್ದರೆ ನನಗೆ ನಾನೇ ಹೀರೋ. ಈಗ ಬರೆಯುವಾಗ ಕಿವಿ ಬಿಸಿಯಾಗುತ್ತದೆ.

ದಸರೆಯ ಹಿಂದಿನ ದಿನದ ಆಯುಧಪೂಜೆ, ನಮ್ಮ ಕಡೆಯ ಖಂಡೆಪೂಜೆ, ಬಂತು. ಆ ದಿನ ನಮ್ಮ ಊರಿನಲ್ಲಿ ಮಗ್ಗಗಳೆಲ್ಲ ನಿಲ್ಲುತ್ತವೆ. ವರ್ಷವಿಡೀ ಸದ್ದಿಗೆ ಒಗ್ಗಿದ ಕಿವಿಗೆ ಆ ಮೌನವೇ ಹಬ್ಬ. ಅವ್ವ ಲಾಳಿ, ನೂಲು ಸುತ್ತುವ ಕಂಡಿಕೆ, ಕತ್ತರಿ, ಸ್ಪ್ಯಾನರು ಎಲ್ಲವನ್ನೂ ತೊಳೆದು ಮಣೆಯ ಮೇಲೆ ಜೋಡಿಸಿ ವಿಭೂತಿ ಕುಂಕುಮ ಹಚ್ಚುತ್ತಾಳೆ. ಒಮ್ಮೆ ಪೂಜೆಗೆ ಕೂತ ಹತ್ಯಾರವನ್ನು ಮರುದಿನ ಸಂಜೆ ಬನ್ನಿ ಮುಡಿದು ಬರುವವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಅಂಗಳದ ಗಾಡಿಗಳಿಗೆ ಆ ಕಟ್ಟಿಲ್ಲ. ಅವುಗಳ ಗಾಲಿಗೆ ನಿಂಬೆಹಣ್ಣು ಇಟ್ಟು ಒಂದು ಸುತ್ತು ಹೊಡೆದರೆ ಮುಗಿಯಿತು.

ಮರುದಿನ ಬೆಳಿಗ್ಗೆ, ದಸರೆಯ ದಿನ, ಜಮಖಂಡಿ ಗುಡ್ಡಕ್ಕೆ ಹೋಗುವುದೆಂದು ನಾವು ಮಾತಾಡಿಕೊಂಡಿದ್ದೆವು. ಸೇತುವೆಗೆ ಮೊದಲೇ ದಾಟಬೇಕಾದ ಆ ಚಹಾದಂಗಡಿ ಹಬ್ಬದ ದಿನ ತುಂಬಿರುತ್ತದೆ. ಅದನ್ನು ನೆನೆದೇ ಹೆಲ್ಮೆಟ್ಟನ್ನೂ ಕೈಗವಸು ಪಟ್ಟಿಗಳನ್ನೂ ತಂದು ಲಾಳಿಯ ಪಕ್ಕದಲ್ಲಿ ಇಟ್ಟೆ.

"ಇದೂ ನಮ್ಮ ಹತ್ಯಾರನ ಅಲ್ಲೇನಬೇ ಅವ್ವಾ. ಇದಕ್ಕೂ ಪೂಜಿ ಆಗ್ಲಿ."

ಅವ್ವನಿಗೆ ಆದ ಸಂತೋಷ ಹೇಳತೀರದು. "ತಡಿ ಯಪ್ಪಾ, ಇದಕ್ಕೂ ಈಬತ್ತಿ ಹಚ್ಚತೀನಿ," ಎಂದು ಮೂರು ಬೆರಳಿನಿಂದ ಹೆಲ್ಮೆಟ್ಟಿನ ಹಣೆಗೆ ಗೆರೆ ಎಳೆದಳು, ಚೆಂಡುಹೂ ಏರಿಸಿದಳು. ದೇವರನ್ನೂ ತಾಯಿಯನ್ನೂ ಒಂದೇ ಏಟಿಗೆ ನನ್ನ ಸಬೂಬಿಗೆ ಬಳಸಿಕೊಂಡಿದ್ದೆ.

ಬೆಳಿಗ್ಗೆ ಸೈಕಲ್ಲು ಹೊರಗೆ ತೆಗೆಯುವಾಗ ಕಸ್ತೂರಿ ಬಾಗಿಲಿಗೆ ಬಂದಳು. "ಹೆಲ್ಮೆಟ್ ಇಲ್ಲದ ಹೆಂಗ ಹೊಂಟ್ರಿ?"

"ಪೂಜ್ಯಾಗ ಐತಿ. ಸಂಜಿಮಟ ಮುಟ್ಟಬಾರ್ದಲ್ಲ. ಕೇಳು ಬೇಕಾದ್ರ ಅವ್ವನ್ನ."

ಒಳಗಿನಿಂದ ಅವ್ವ, "ಹೌದವಾ, ಪೂಜಿ ಕದಲಸಬಾರ್ದು. ಹಗೂರಕ ಹೋಗಿ ಬಾರೋ ಯಪ್ಪಾ," ಎಂದಳು. ನಾನು ಆಜ್ಞೆ ಪಾಲಿಸುವ ಮಗನ ಮುಖ ಮಾಡಿಕೊಂಡು ಹೊರಟೆ.

ಬಿದ್ದದ್ದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಇಳಿಜಾರಿನ ದಾರಿಯಲ್ಲಿ ಮಳೆ ನೀರು ಹೊಸದಾಗಿ ಕೊರೆದ ಕೊರಕಲು ಇತ್ತು. ಮುಂದಿನ ಗಾಲಿ ಅದರಲ್ಲಿ ಸಿಕ್ಕಿ ನಿಂತಿತು, ನಾನು ನಿಲ್ಲಲಿಲ್ಲ. ತಲೆ ಉಳಿಯಿತು, ಗದ್ದ ಹೋಗಿ ಕಲ್ಲಿಗೆ ಅಪ್ಪಳಿಸಿತು. ಅಂಗೈ ತುಂಬ ಗರಸು, ಮೊಳಕಾಲಿನ ಚರ್ಮ ಕಿತ್ತು ಬಂದಿತ್ತು. ಎದ್ದು ಕೂತು "ಏನೂ ಆಗಿಲ್ಲ" ಎಂದು ಹೇಳಲು ಹೋದೆ. ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ಕೂಡುತ್ತಲೇ ಇರಲಿಲ್ಲ. ಮಾತಿನ ಬದಲು ರಕ್ತ ಬಂತು. ಮಲ್ಲಪ್ಪನ ಮುಖ ಬೆಳ್ಳಗಾದದ್ದು ನೋಡಿದಾಗಲೇ ನನಗೆ ಭಯ ಹತ್ತಿದ್ದು. ಅವನು ಹೆಗಲ ಮೇಲಿನ ಟವೆಲ್ಲನ್ನು ನನ್ನ ಗದ್ದದ ಕೆಳಗಿನಿಂದ ನೆತ್ತಿಗೆ ಸುತ್ತಿ ಬಿಗಿಯಾಗಿ ಕಟ್ಟಿದ. ನನಗೆ ಬಾಯಿಕುಕ್ಕಿ ನೆನಪಾಯಿತು, ಅವನಿಗೂ ಆಗಿರಬೇಕು. ಅವನು ನನ್ನ ಕಣ್ಣು ತಪ್ಪಿಸಿದ.

ಟಂಟಂ ಆಟೋದಲ್ಲಿ ಜಮಖಂಡಿಯ ಆಸ್ಪತ್ರೆಗೆ, ಅಲ್ಲಿ ಹೊಲಿಗೆ ಹಾಕಿಸಿಕೊಂಡು, ಸುದ್ದಿ ತಿಳಿದು ಓಡಿಬಂದ ಕಸ್ತೂರಿಯ ಜೊತೆ ಬಾಗಲಕೋಟೆಯ ದೊಡ್ಡ ಆಸ್ಪತ್ರೆಗೆ. ಹಬ್ಬದ ದಿನವಾದ್ದರಿಂದ ಎಲ್ಲ ಕಡೆ ಕಾಯುವುದೇ ಕೆಲಸ. ಬಾಗಲಕೋಟೆಯ ಆ ಕಾಯುವ ಕೋಣೆ ನನಗೆ ಇನ್ನೂ ಕನಸಿನಲ್ಲಿ ಬರುತ್ತದೆ. ಎಲ್ಲರೂ ಹೊಸ ಬಟ್ಟೆಯವರು, ನಾನೊಬ್ಬ ರಕ್ತದ ಅಂಗಿಯವ. ಎದುರಿಗೆ ಕೂತಿದ್ದ ಒಂದು ಮಗು ನನ್ನ ಮುಖವನ್ನೇ ನೋಡುತ್ತಿತ್ತು, ಅದರ ತಾಯಿ ಮೆಲ್ಲಗೆ ಅದರ ಮುಖ ಆ ಕಡೆ ತಿರುಗಿಸಿದಳು.

ಪಕ್ಕದಲ್ಲಿ ಹಿಪ್ಪರಗಿಯವನೊಬ್ಬ ಕೂತಿದ್ದ. ಬೈಕಿನಿಂದ ಬಿದ್ದು ದವಡೆ ಮುರಿದುಕೊಂಡು, ತಂತಿ ಬಿಗಿಸಿಕೊಂಡು ಈಗ ತಪಾಸಣೆಗೆ ಬಂದವನು ಎಂದು ಅವನ ಜೊತೆಯವರು ಹೇಳಿದರು. ಅವನಿಗೂ ಬಾಯಿ ತೆರೆಯಲು ಬರುವುದಿಲ್ಲ, ನನಗೂ ಬರುವುದಿಲ್ಲ. ಅವನೇ ನನ್ನ ತೊಡೆ ತಟ್ಟಿ ಕರೆದು, ಜೇಬಿನಿಂದ ಸೂಜಿಯಿಲ್ಲದ ದೊಡ್ಡ ಸಿರಿಂಜು ತೆಗೆದು ತೋರಿಸಿದ. ಹಲ್ಲಿನ ಸಾಲಿನ ಹಿಂದೆ, ಕೆನ್ನೆಯ ಒಳಗಿನಿಂದ ಗಂಜಿ ಬಿಡಬೇಕೆಂದು ಕೈಯಲ್ಲೇ ಮಾಡಿ ತೋರಿಸಿದ. ಆಮೇಲೆ ಹೊಟ್ಟೆ ಸವರಿಕೊಂಡು ಕಣ್ಣು ಮಿಟುಕಿಸಿದ. ಆ ದಿನ ನನಗೆ ಧೈರ್ಯ ಕೊಟ್ಟವನು ಅವನೊಬ್ಬನೇ. ಹೆಸರೂ ಕೇಳಲಾಗಲಿಲ್ಲ.

ಡಾಕ್ಟರು ಎಕ್ಸ್‌ರೇ ಹಿಡಿದು ಕೂತರು. ದವಡೆ ಎರಡು ಕಡೆ ಮುರಿದಿದೆ, ಲೋಹದ ಪಟ್ಟಿ ಕೂಡಿಸಿ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿಯಬೇಕು ಎಂದರು. "ತಲಿ ಉಳದದ್ದ ದೊಡ್ಡದು. ಗದ್ದ ಮುಚ್ಚೂವಂಥಾ ಹೆಲ್ಮೆಟ್ ಇತ್ತಂದ್ರ ಇದೂ ಉಳೀತಿತ್ತು. ಅಂಥಾದ್ದೊಂದು ತರಸಬಾರ್ದೇನ್ರಿ?"

"ತರಸೇವ್ರಿ," ಎಂದಳು ಕಸ್ತೂರಿ. "ಅಂಥಾದ್ದ ಐತ್ರಿ. ಯಾವಾಗ್ಲೂ ಹಾಕ್ಕೊಂಡ ಹೋಗ್ತಿದ್ರು. ಇವತ್ತೊಂದಿನ ಪೂಜಿಗಿ ಇಟ್ಟಿದ್ದೇವ್ರಿ."

ಡಾಕ್ಟರು ತಲೆಯಾಡಿಸಿದರು. ಗೋಡೆಗೆ ಒರಗಿ ನಿಂತಿದ್ದ ಮಲ್ಲಪ್ಪ ನನ್ನನ್ನು ನೋಡಿದ. ನನ್ನ ಬಾಯಿ ಕಟ್ಟಿತ್ತು. ಆ ಹೊತ್ತಿಗೆ ಅದು ನನಗೆ ಅನುಕೂಲವೇ ಆಯಿತು.

ಶಸ್ತ್ರಚಿಕಿತ್ಸೆಯ ಮರುದಿನ ಅವ್ವ ಬಂದಳು. ನನ್ನ ಊದಿದ ಮುಖ ನೋಡಿ ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ಮಂಚದ ಪಕ್ಕ ನೆಲದ ಮೇಲೆ ಕೂತು ನನ್ನ ಅಂಗಾಲು ಹಿಡಿದುಕೊಂಡಳು. "ನನ್ನ ಬಾಯಿ ಸುಡ್ಲಿ ಯಪ್ಪಾ. ಪೂಜಿ ಕದಲಸಬ್ಯಾಡ ಅಂತ ನಾನ ಅಂದ್ನಿ. ನನ್ನ ಮಾತಿಗಿ ನಿನ್ನ ಬಾಯಿ ಒಡೀತು." ನಾನು ಕೈಯಾಡಿಸಿ ಇಲ್ಲ ಇಲ್ಲ ಎಂದೆ. ಮಗ ದೊಡ್ಡ ಮನಸ್ಸಿನವ, ತಾಯಿಯನ್ನು ದೂರುತ್ತಿಲ್ಲ ಎಂದು ಅವಳು ತಿಳಿದುಕೊಂಡಳು. ಅದು ನನ್ನ ಕಣ್ಣಿಗೇ ಕಂಡಿತು.

ಮನೆಗೆ ಕಳಿಸುವಾಗ ನರ್ಸು ಕಸ್ತೂರಿಯ ಕೈಗೆ ಸಣ್ಣ ಕಟಿಂಗ್ ಪ್ಲೈಯರ್ ಕೊಟ್ಟರು. ವಾಂತಿ ಬಂದರೆ ಬಾಯಿ ತೆರೆಯಲಾಗದೆ ಉಸಿರು ಕಟ್ಟಬಹುದು, ಕೂಡಲೇ ತಂತಿ ಕತ್ತರಿಸಿಬಿಡಬೇಕು ಎಂದರು. ಮಗ್ಗದ ಮನೆಯವಳಾದ ಕಸ್ತೂರಿಗೆ ಪ್ಲೈಯರ್ ಹೊಸದಲ್ಲ. ಆದರೆ ಇದನ್ನು ದಾರದಲ್ಲಿ ಕಟ್ಟಿ ಸೊಂಟಕ್ಕೆ ಸಿಗಿಸಿಕೊಂಡು, ಅಡುಗೆ ಮಾಡುವಾಗಲೂ ಬಟ್ಟೆ ಒಗೆಯುವಾಗಲೂ ಹಾಗೇ ಓಡಾಡಿದಳು. ನಾನು ಒಂದು ಸಲ ಕೆಮ್ಮಿದರೆ ಸಾಕು, ಅವಳ ಕೈ ಸೊಂಟಕ್ಕೆ ಹೋಗುತ್ತಿತ್ತು.

ಅವ್ವ ಜೋಳದ ಹಿಟ್ಟಿನ ಗಂಜಿ ಕುದಿಸಿ, ಬೇಳೆಕಟ್ಟು ಬಸಿದು, ನಮ್ಮದೇ ಮಗ್ಗದ ಹತ್ತಿಯ ಬಟ್ಟೆಯಲ್ಲಿ ಸೋಸಿ ಕೊಡುತ್ತಿದ್ದಳು. ಸಿರಿಂಜಿನಲ್ಲಿ ಕುಡಿಯುತ್ತಿದ್ದೆ. ಅರ್ಧ ಹೊಟ್ಟೆಗೆ, ಅರ್ಧ ಅಂಗಿಗೆ. ಎದ್ದು ಹೋಗಿ ಮಗ್ಗ ನೋಡೋಣವೆಂದರೆ ತಲೆ ಸುತ್ತು. ಪಡಸಾಲೆಯಿಂದ ಕಟಕ್ ಕಟಕ್ ಎಂದು ಮನೆಯವರು ಖಡಕ್ ರೊಟ್ಟಿ ಮುರಿಯುವ ಸದ್ದು ಬಂದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಒಂದು ದಿನ ಗಮನಿಸಿದೆ, ಆ ಸದ್ದಿನಲ್ಲಿ ಅವ್ವನ ಪಾಲು ಇರಲಿಲ್ಲ. ನಾನು ಕುಡಿದು ಉಳಿದ ಗಂಜಿಯನ್ನೇ ಅವಳು ಕುಡಿಯುತ್ತಿದ್ದಳು. ಬೇರೇನೂ ಇಲ್ಲ.

"ಅತ್ತಿ ರೊಟ್ಟಿ ಮುಟ್ಟವಲ್ಲರು," ಎಂದಳು ಕಸ್ತೂರಿ. "ನನ್ನ ಮಗ ರೊಟ್ಟಿ ತಿನ್ನೂಮಟ ನನಗೂ ಬ್ಯಾಡ, ಅಂವನ ಬಾಯಿ ಮುಚ್ಚಿಸಿದಾಕಿ ನಾನು, ಅಂತಾರ. ಅವರ ವಯಸ್ಸಿಗಿ ಬರೇ ಗಂಜಿ ಸಾಕೇನ್ರಿ? ನೀವರ ಹೇಳ್ರಿ."

ಹೇಳುವುದು ಹೇಗೆ? ಕಸ್ತೂರಿ ಪಾಟಿ ಬಳಪ ತಂದುಕೊಟ್ಟಳು. ಅವ್ವನಿಗೆ ಓದಲು ಬರುವುದಿಲ್ಲ. ನಾನು ಬರೆದದ್ದನ್ನು ಕಸ್ತೂರಿಯೇ ಗಟ್ಟಿಯಾಗಿ ಓದಿ ಹೇಳಬೇಕು. ಅಂದರೆ ಸೇತುವೆಯ ಸಂಗತಿ ಅವಳ ಬಾಯಿಂದಲೇ ಬರಬೇಕು, ತಮ್ಮನನ್ನು ಕಾಡಿ ಹೆಲ್ಮೆಟ್ ತರಿಸಿದವಳ ಬಾಯಿಂದ. ಬಳಪ ಹಿಡಿದು ಬಹಳ ಹೊತ್ತು ಕೂತೆ. ಕೊನೆಗೆ "ಅವ್ವಾ ಊಟ ಮಾಡು" ಎಂದಷ್ಟೇ ಬರೆದೆ. ಓದಿಸಿ ಕೇಳಿದ ಅವ್ವ ಪಾಟಿಯನ್ನು ಕಣ್ಣಿಗೆ ಒತ್ತಿಕೊಂಡಳು. ಊಟ ಮಾತ್ರ ಮಾಡಲಿಲ್ಲ.

ನೋಡಲು ಬರುವವರ ಸಾಲು ಬೇರೆ. ರಬಕವಿಯಿಂದ, ಮಹಾಲಿಂಗಪುರದಿಂದ ನೆಂಟರು ಬಂದರು. ಬಾಯಿ ತೆರೆಯಲಾಗದವನಿಗೆ ಎಲ್ಲರೂ ಬಿಸ್ಕೀಟ್ ಪುಡಿಕೆಯನ್ನೇ ತರುತ್ತಿದ್ದರು. ಎಲ್ಲರದೂ ಒಂದೇ ಪ್ರಶ್ನೆ, "ಹೆಂಗ ಬಿದ್ರಿ?" ನನ್ನ ಪರವಾಗಿ ಅವ್ವ ಉತ್ತರ ಹೇಳುತ್ತಿದ್ದಳು. ಪ್ರತಿ ಸಲವೂ ತಪ್ಪನ್ನು ಮೊದಲಿನಿಂದ ಕೊನೆಯವರೆಗೆ ತನ್ನ ಮೇಲೇ ಎಳೆದುಕೊಳ್ಳುತ್ತಿದ್ದಳು. ಒಮ್ಮೆ ರಬಕವಿಯ ನಮ್ಮ ದೊಡ್ಡಪ್ಪ ಎಲ್ಲ ಕೇಳಿ, "ವಯಸ್ಸಾತು ನಿನಗ, ಬುದ್ಧಿ ಬರ್ಲಿಲ್ಲ ನೋಡು. ದೇವರು ತಲಿ ಕಾಯೂ ವಸ್ತು ಇಟ್ಕೊಂಡು ಏನ ಮಾಡ್ತಿದ್ದ?" ಎಂದು ಅವ್ವನಿಗೆ ಅಂದುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಹೌದಲ್ಲೋ ಶಿವಾನಂದಾ?" ಎಂದರು.

ನಾನು ತಲೆ ಬಗ್ಗಿಸಿದೆ.

ಅಷ್ಟೇ ಮಾಡಿದ್ದು. ಹೌದು ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಆದರೆ ಬಗ್ಗಿದ ತಲೆಗೆ ಜನ ಹೌದು ಎಂದೇ ಅರ್ಥ ಮಾಡುತ್ತಾರೆ, ಅದು ನನಗೆ ಗೊತ್ತಿತ್ತು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ದವಡೆ ಮುರಿದ ದಿನಕ್ಕಿಂತ ಆ ದಿನ ನನಗೆ ಕೆಟ್ಟದ್ದು.

ಮಲ್ಲಪ್ಪ ಅಲ್ಲೇ ಕೂತಿದ್ದ. ದೊಡ್ಡಪ್ಪ ಹೋದ ಮೇಲೆ ನನ್ನ ಕಿವಿಯ ಹತ್ತಿರ ಬಂದ. "ಲೇ, ಕುಕ್ಕಿ ಅಂದು ನಗಾಡಿದಾಂವ ನಾನು. ನನಗ ರಾತ್ರಿ ನಿದ್ದಿ ಇಲ್ಲ. ನೀ ಹೇಳ್ತಿಯೋ, ನಾ ಹೇಳ್ಲೋ?" ನಾನು ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡು ಬೇಡವೆಂದು ತಲೆಯಾಡಿಸಿದೆ. ಅವನು ಕೈ ಬಿಡಿಸಿಕೊಂಡು ಎದ್ದು ಹೋದ.

ಆ ವಾರವೇ ಅವ್ವ ಕಂಡಿಕೆ ಸುತ್ತುತ್ತ ಕೂತಲ್ಲೇ ವಾಲಿದಳು. ರಕ್ತ ಕಡಿಮೆಯಾಗಿದೆ, ಸರಿಯಾಗಿ ತಿನ್ನಿಸಿ ಎಂದು ಓಣಿಯ ಡಾಕ್ಟರು ಗುಳಿಗೆ ಬರೆದುಕೊಟ್ಟರು. ಅವಳು ಗುಳಿಗೆಯನ್ನು ಗಂಜಿಯ ಜೊತೆ ನುಂಗಿದಳು. ನಾನು ಅವ್ವನ ಕಣ್ಣು ತಪ್ಪಿಸುವುದನ್ನು ಗಮನಿಸಿದ್ದ ಕಸ್ತೂರಿ ಗೂಟಕ್ಕೆ ತೂಗುಹಾಕಿದ್ದ ಹೆಲ್ಮೆಟ್ ತಂದಳು. ಅದರ ಹಣೆಯ ಮೇಲೆ ವಿಭೂತಿಯ ಗೆರೆ ಇನ್ನೂ ಇತ್ತು. ಒಳಗಿನ ಸ್ಪಂಜನ್ನು ಹೊರಗೆಳೆದು ಮೂಸಿದಳು. ನನ್ನ ಅಂಗಿ, ಟೊಪ್ಪಿಗೆ, ಟವೆಲ್ಲು ಎಲ್ಲ ಒಗೆಯುವವಳು ಅವಳು. ಇಷ್ಟು ವಾರ ಗುಡ್ಡ ಹತ್ತಿದವನ ಹೆಲ್ಮೆಟ್ಟಿನ ಸ್ಪಂಜು ಬೆವರಿನ ನಾತವಿಲ್ಲದೆ, ಹೆಚ್ಚುಕಡಿಮೆ ಅಂಗಡಿಯಿಂದ ಬಂದ ಹಾಗೇ ಇತ್ತು. ನನ್ನ ಮುಖ ನೋಡಿದಳು, ಸ್ಪಂಜನ್ನು ಮತ್ತೆ ಒಳಗೆ ಕೂಡಿಸಿದಳು, ಹೆಲ್ಮೆಟ್ಟನ್ನು ನನ್ನ ಮಂಚದ ಮೇಲೆ ನನ್ನ ಕಾಲ ಬಳಿ ಇಟ್ಟು ಹೋದಳು. ಅಂದಿನಿಂದ ಅವಳು ಅದನ್ನು ಗೂಟಕ್ಕೆ ಹಾಕಲಿಲ್ಲ, ನಾನೂ ಹಾಕಲಿಲ್ಲ.

ತಂತಿ ಬಿಚ್ಚುವ ದಿನ ಬಂತು. ಕುರ್ಚಿಯಲ್ಲಿ ಕೂರಿಸಿ ಒಂದೊಂದೇ ಎಳೆದು ತೆಗೆದರು. "ಬಾಯಿ ತಗೀರಿ" ಎಂದರು ಡಾಕ್ಟರು. ತೆರೆದೆ. ಕಿರುಬೆರಳು ಹೋಗುವಷ್ಟು ತೆರೆಯಿತು. ದಿನವೂ ವ್ಯಾಯಾಮ ಮಾಡಿದರೆ ಇನ್ನೂ ತೆರೆಯುತ್ತದೆ, ಮೊದಲು ಮೆತ್ತಗಿನದು ತಿನ್ನಿ ಎಂದರು. "ಎಲ್ಲಿ, ಏನರ ಮಾತಾಡ್ರಿ ನೋಡೂಣು." ನಾನು ಕೈಮುಗಿದು ಎದ್ದೆ. ಮೊದಲ ಮಾತು ಯಾರಿಗೆ ಸಲ್ಲಬೇಕೆಂದು ನನಗೆ ಗೊತ್ತಿತ್ತು. ಬರುವಾಗ ದಾರಿಯುದ್ದಕ್ಕೂ ಕಸ್ತೂರಿ ಕಿಟಕಿಯ ಕಡೆ ನೋಡುತ್ತಿದ್ದಳು. ಸೊಂಟದಲ್ಲಿ ಪ್ಲೈಯರ್ ಇರಲಿಲ್ಲ.

ಮನೆಯಲ್ಲಿ ಅವ್ವ ಎಲ್ಲ ಸಿದ್ಧ ಮಾಡಿಕೊಂಡು ಕೂತಿದ್ದಳು. ಹಾಲಿನಲ್ಲಿ ರೊಟ್ಟಿ ನೆನೆಸಿ, ಬೆಲ್ಲ ಹಾಕಿ ಕಿವುಚಿ ಬಟ್ಟಲಿನಲ್ಲಿ ಇಟ್ಟಿದ್ದಳು. "ನೀ ಒಂದ ತುತ್ತ ತಿನ್ನು ಯಪ್ಪಾ, ಆಮ್ಯಾಲ ನಾ ತಿಂತೀನಿ." ಅವಳ ಕೈ ನೋಡಿದೆ. ಬಳೆ ಮೊಳಕೈವರೆಗೆ ಜಾರುವಷ್ಟು ಸೊರಗಿತ್ತು.

ತುತ್ತು ಬಾಯಿಯ ಹತ್ತಿರ ಬಂದಾಗ ನಾನು ಅವಳ ಕೈ ಹಿಡಿದೆ. "ಅವ್ವಾ, ಪೂಜಿ ಇರದಿದ್ರೂ ನಾ ಅದನ್ನ ಹಾಕ್ಕೊಳ್ತಿರ್ಲಿಲ್ಲ." ಮಾತು ತೊದಲಿತು, ಜೊಲ್ಲು ಸೋರಿತು, ಒರೆಸಿಕೊಳ್ಳದೆ ಹೇಳಿದೆ. ಚಹಾದಂಗಡಿಯ ನಗು, ಕಾಲುವೆಯ ಸೇತುವೆ, ಬೇಕೆಂದೇ ಪೂಜೆಗೆ ಇಟ್ಟದ್ದು, ದೊಡ್ಡಪ್ಪನ ಮುಂದೆ ತಲೆ ಬಗ್ಗಿಸಿದ್ದು, ಎಲ್ಲ. "ನಿನ್ನ ಮಾತಿನಿಂದ ಏನೂ ಆಗಿಲ್ಲಬೇ. ನಾ ಒಂದ ಸಲಾನೂ ಅದನ್ನ ಹಾಕ್ಕೊಂಡು ಗುಡ್ಡಾ ಹತ್ತಿಲ್ಲ."

ಅವ್ವ ತುತ್ತನ್ನು ಬಟ್ಟಲಿಗೆ ಹಾಕಿದಳು. ಬಾಗಿಲಲ್ಲಿ ನಿಂತಿದ್ದ ಕಸ್ತೂರಿಯನ್ನು ನೋಡಿದಳು, ಅವಳು ನೆಲ ನೋಡುತ್ತಿದ್ದಳು. ಅವ್ವನ ಬಲಗೈ ಮೇಲೆ ಎದ್ದಿತು. ನಾನು ಕಣ್ಣು ಮುಚ್ಚಿದೆ, ನಿಜ ಹೇಳಬೇಕೆಂದರೆ ಬೀಳಲಿ ಎಂದೇ ಮುಖ ಕೊಟ್ಟೆ. ಕೆನ್ನೆಯ ಹತ್ತಿರ ಬಂದ ಕೈ ದವಡೆಯ ಗಾಯ ನೋಡಿ ನಿಂತಿರಬೇಕು. ತಿರುಗಿ ಬೆನ್ನಿಗೆ ಬಂದು ಧಪ್ಪೆಂದು ಬಿತ್ತು. ಚಿಕ್ಕಂದಿನಲ್ಲಿ ನೂಲು ಸಿಕ್ಕು ಮಾಡಿದಾಗ ಬೀಳುತ್ತಿದ್ದಂಥದ್ದೇ ಗುದ್ದು.

"ಮುಂಡೇಗಂಡಾ! ಇಷ್ಟು ದಿನಾ ನನ್ನನ್ನ ಸುಮ್ಮನ ಉಪಾಸ ಇಟ್ಟಿಯಲ್ಲೋ!" ಎಂದಳು.

ಆಮೇಲೆ ಎದ್ದು ಅಡುಗೆಮನೆಗೆ ಹೋದಳು. ಖಡಕ್ ರೊಟ್ಟಿಯೊಂದನ್ನು, ಶೇಂಗಾ ಹಿಂಡಿಯನ್ನು, ಮೊಸರನ್ನು ತಂದು ನನ್ನ ಎದುರಿಗೇ ಕೂತಳು. ನನ್ನ ಕಡೆ ನೋಡದೆ ಕಟಕ್ ಎಂದು ಮುರಿದು ತಿನ್ನತೊಡಗಿದಳು. ತಿನ್ನುತ್ತ ತಿನ್ನುತ್ತ ಅತ್ತಳು, ಅಳುತ್ತಲೇ ಇನ್ನೊಂದು ರೊಟ್ಟಿ ತರಿಸಿಕೊಂಡಳು. ಕಸ್ತೂರಿ ಸರಿದು ಬಂದು ಅವಳ ತಾಟಿಗೆ ಮೊಸರು ಹಾಕಿದಳು. ನನಗೆ ಯಾರೂ ತುತ್ತು ಮಾಡಿ ಕೊಡಲಿಲ್ಲ. ಬಟ್ಟಲು ಎಳೆದುಕೊಂಡು ನಾನೇ ತಿಂದೆ. ಬೆಲ್ಲ ಹಾಕಿದ ಆ ಹಾಲುರೊಟ್ಟಿಗೆ ಕಣ್ಣೀರಿನ ಉಪ್ಪೂ ಕೂಡಿತ್ತು, ಆದರೂ ಅಂಥ ರುಚಿ ಮತ್ತೆ ಸಿಕ್ಕಿಲ್ಲ.

ಈಗ ಮತ್ತೆ ಗುಡ್ಡಕ್ಕೆ ಹೋಗುತ್ತೇನೆ. ಹೆಲ್ಮೆಟ್ಟಿನ ಗದ್ದದ ಪಟ್ಟಿ ಮನೆಯ ಬಾಗಿಲಲ್ಲಿ ಬಿಗಿದರೆ ಬಿಚ್ಚುವುದು ಮನೆಯ ಬಾಗಿಲಲ್ಲೇ. ಸ್ಪಂಜಿನ ನಾತಕ್ಕೆ ಕಸ್ತೂರಿ ಮೂಗು ಮುಚ್ಚಿಕೊಂಡು ಒಗೆಯುತ್ತಾಳೆ. ಮಲ್ಲಪ್ಪನೂ ಅಂಥದ್ದೇ ಒಂದನ್ನು ತರಿಸಿದ್ದಾನೆ. ಚಹಾದಂಗಡಿಯ ಮುಂದೆ ಇಬ್ಬರೂ ಹೋದರೆ ನಗು ಎರಡು ಪಟ್ಟು ಬರುತ್ತದೆ. ನನ್ನ ಕಿವಿ ಈಗಲೂ ಕೆಂಪಾಗುತ್ತದೆ, ಆದರೆ ಹೆಲ್ಮೆಟ್ಟಿನ ಒಳಗಿರುವುದರಿಂದ ಯಾರಿಗೂ ಕಾಣುವುದಿಲ್ಲ.

ಅವ್ವ ರೊಟ್ಟಿ ತಿಂದ ಆ ದಿನದ ಮರುದಿನವೇ ದೊಡ್ಡಪ್ಪ ಮತ್ತೆ ಬಂದರು. ಈ ಸಲ ಜೊತೆಗೆ ದೊಡ್ಡವ್ವನೂ ಇದ್ದಳು. ಕೈಯಲ್ಲಿ ಬಿಸ್ಕೀಟ್ ಪುಡಿಕೆ. ದೊಡ್ಡವ್ವ ಇನ್ನೂ ಕೂತಿರಲಿಲ್ಲ, ಅಷ್ಟರಲ್ಲೇ ಅವ್ವನ ಕಡೆ ತಿರುಗಿ, "ಯವ್ವಾ, ಹೆಂಗ ಬಿದ್ದಾನಬೇ ಹುಡುಗಾ?" ಎಂದಳು.

ಅವ್ವ ಕಂಡಿಕೆ ಸುತ್ತುವ ಕೈ ನಿಲ್ಲಿಸಲಿಲ್ಲ. "ಅಂವನ್ನ ಕೇಳಕ್ಕಾ," ಎಂದಳು. "ಈಗ ಅಂವಗ ಬಾಯಿ ಬಂದೈತಿ."

ದೊಡ್ಡಪ್ಪ ನನ್ನ ಕಡೆ ತಿರುಗಿದರು. ನಾನು ತಲೆ ಎತ್ತಿ, ಗದ್ದ ಒರೆಸಿಕೊಂಡು, ಕಾಲುವೆಯ ಸೇತುವೆಯಿಂದ ಹೇಳಲು ಶುರು ಮಾಡಿದೆ.